ಕಾರಿನ ಕಣ್ಣಿಗೆ ನಮ್ಮೂರು ಕಾಣುತ್ತದೆಯೇ?

ಕಾರಿನ ಜಾಹೀರಾತುಗಳಲ್ಲಿ ಈಗ ಎಲ್ಲಿ ನೋಡಿದರೂ ಒಂದೇ ಪದ: ಅಡಾಸ್. ಚಾಲಕನಿಗೆ ನೆರವಾಗುವ ಹಲವು ಯಂತ್ರಗಳಿಗೆ ಸೇರಿಸಿ ಇಟ್ಟ ಹೆಸರು ಅದು. ಅವುಗಳಲ್ಲಿ ಹೆಚ್ಚು ಹೊಗಳಿಸಿಕೊಳ್ಳುವುದು ‘ಅಡಾಪ್ಟಿವ್ ಕ್ರೂಸ್ ಕಂಟ್ರೋಲ್’. ವೇಗ 80 ಎಂದು ಗುಂಡಿ ಒತ್ತಿಬಿಟ್ಟರೆ ಆಯಿತು. ಮುಂದಿನ ವಾಹನ ನಿಧಾನವಾದರೆ ಕಾರು ತಾನೇ ನಿಧಾನವಾಗುತ್ತದೆ, ದಾರಿ ಖಾಲಿಯಾದರೆ ತಾನೇ ಮತ್ತೆ 80ಕ್ಕೆ ಏರುತ್ತದೆ. ಕಾಲಿಗೆ ಕೆಲಸವಿಲ್ಲ.

ನಮ್ಮೂರಲ್ಲಿ ಎಷ್ಟು ಮನೆಯಲ್ಲಿ ಇಂಥ ಕಾರಿದೆ, ನಮಗೇಕೆ ಈ ಮಾತು ಎಂದು ನೀವು ಕೇಳಬಹುದು. ಕಾರು ನಮ್ಮದಲ್ಲ, ಸರಿ. ಅದು ಓಡುವ ರಸ್ತೆ ನಮ್ಮೂರಿನ ಮೇಲೆಯೇ ಹೋಗುತ್ತದೆ. ಅದರ ಎದುರು ಎಮ್ಮೆ ಹೊಡೆದುಕೊಂಡು ದಾಟುವವರು ನಾವು. ಅದರ ಹಿಂದೆ ಮೊಪೆಡ್ಡಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರೂ ನಾವು. ಬಾಡಿಗೆಗೆ ಅದನ್ನು ಓಡಿಸುವ ಚಾಲಕರಲ್ಲೂ ಬಹಳಷ್ಟು ಜನ ನಮ್ಮ ಹಳ್ಳಿಯ ಹುಡುಗರೇ. ಆದ್ದರಿಂದ ನಾವು ನೇರವಾಗಿ ಹೇಳುತ್ತೇವೆ: ಬರೀ ಕ್ಯಾಮೆರಾ ನಂಬಿದ ಕ್ರೂಸ್ ಕಂಟ್ರೋಲನ್ನು, ನಮ್ಮ ರಸ್ತೆಯಲ್ಲಿ ಅದಕ್ಕೆ ಏನು ಕಾಣುವುದಿಲ್ಲ ಎಂದು ಬಿಚ್ಚಿ ಹೇಳದೆ ಮಾರುವುದು ಅನ್ಯಾಯ.

ಮೊದಲು ಇದು ಕೆಲಸ ಮಾಡುವ ಬಗೆ ತಿಳಿಯೋಣ. ಮುಂದಿನ ವಾಹನ ಎಷ್ಟು ದೂರದಲ್ಲಿದೆ ಎಂದು ತಿಳಿಯಲು ಎರಡು ದಾರಿ ಹೆಚ್ಚು ಬಳಕೆಯಲ್ಲಿವೆ. ಒಂದು ರಡಾರ್. ಅದು ರೇಡಿಯೊ ಅಲೆ ಕಳಿಸುತ್ತದೆ, ಬಡಿದು ವಾಪಸ್ ಬಂದ ಅಲೆಯಿಂದ ದೂರವನ್ನೂ ವೇಗವನ್ನೂ ಅಳೆಯುತ್ತದೆ. ಕತ್ತಲೆ, ಎದುರು ಬಿಸಿಲು, ಮಂಜು ಅದನ್ನು ಅಷ್ಟಾಗಿ ಕಾಡುವುದಿಲ್ಲ. ಇನ್ನೊಂದು ಕ್ಯಾಮೆರಾ. ಮುಂದಿನ ಗಾಜಿನ ಒಳಗೆ, ಕನ್ನಡಿಯ ಹತ್ತಿರ ಕೂತಿರುತ್ತದೆ. ಒಂದೇ ಕ್ಯಾಮೆರಾ ಇದ್ದರೆ ಅದು ದೂರವನ್ನು ನೇರವಾಗಿ ಅಳೆಯುವುದಿಲ್ಲ. ಚಿತ್ರ ನೋಡಿ ‘ಇದು ಲಾರಿ, ಇಷ್ಟು ದೊಡ್ಡದಾಗಿ ಕಾಣುತ್ತಿದೆ, ಹಾಗಾದರೆ ಇಷ್ಟು ದೂರ’ ಎಂದು ಲೆಕ್ಕ ಹಾಕುತ್ತದೆ. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ, ಕಷ್ಟ ಗೊತ್ತಾಗುತ್ತದೆ.

ಜಪಾನಿನ ಸುಬಾರು ಕಂಪನಿ 2008ರಲ್ಲೇ ‘ಐಸೈಟ್’ ಹೆಸರಿನಲ್ಲಿ ಎರಡು ಕ್ಯಾಮೆರಾ ಇಟ್ಟಿತು, ನಮ್ಮ ಎರಡು ಕಣ್ಣಿನ ಹಾಗೆ. ನಮ್ಮ ದೇಶದಲ್ಲಿ 2021ರಲ್ಲಿ ಬಂದ ಮಹೀಂದ್ರಾ ಎಕ್ಸ್‌ಯುವಿ700ರಲ್ಲಿ ರಡಾರ್, ಕ್ಯಾಮೆರಾ ಎರಡೂ ಇವೆ. ಹೋಂಡಾ ಸಿಟಿ, ಎಲಿವೇಟ್ ಕಾರುಗಳಲ್ಲಿ ಈ ಕೆಲಸಕ್ಕೆ ಕ್ಯಾಮೆರಾ ಮಾತ್ರ. ಎರಡೂ ಬಗೆಯ ಕಾರಿನ ಜಾಹೀರಾತಿನಲ್ಲಿ ಪದ ಮಾತ್ರ ಒಂದೇ: ಅಡಾಸ್. ಕೊಳ್ಳುವವನಿಗೆ ವ್ಯತ್ಯಾಸ ಹೇಳುವವರು ಯಾರು? ರಡಾರೇನೂ ದೇವರಲ್ಲ, ರಸ್ತೆಯಲ್ಲಿ ಕೆಟ್ಟು ನಿಂತ ವಾಹನವನ್ನು ಗುರುತಿಸಲು ಅದೂ ತಡವರಿಸುತ್ತದೆ. ಆದರೆ ಒಂದಕ್ಕೆ ತಪ್ಪಿದ್ದು ಇನ್ನೊಂದಕ್ಕೆ ಸಿಗಲಿ ಎಂದೇ ಎರಡನ್ನೂ ಇಡುವುದು.

ಒಂದನ್ನು ತೆಗೆದುಹಾಕಿದರೆ ಏನಾಗುತ್ತದೆ ಎಂದು ತಿಳಿಯಲು ಅಮೆರಿಕದ ಕಡೆ ನೋಡಬೇಕು. 2021ರ ಮೇ ತಿಂಗಳಲ್ಲಿ ಟೆಸ್ಲಾ ಕಂಪನಿ ಅಲ್ಲಿನ ಮಾರುಕಟ್ಟೆಗೆ ತಯಾರಿಸುವ ಮಾಡೆಲ್ 3 ಮತ್ತು ಮಾಡೆಲ್ ವೈ ಕಾರುಗಳಿಂದ ರಡಾರ್ ಕಿತ್ತುಹಾಕಿತು. ಮನುಷ್ಯ ಕಣ್ಣಿನಿಂದ ನೋಡಿಯೇ ಓಡಿಸುತ್ತಾನೆ, ಕಾರಿಗೂ ಅಷ್ಟೇ ಸಾಕು ಎನ್ನುವುದು ವಾದ. ಖಾಲಿ ಹೆದ್ದಾರಿಯಲ್ಲಿ ಕಾರು ಏನನ್ನೋ ಕಂಡಂತೆ ತಟ್ಟನೆ ಬ್ರೇಕ್ ಹಾಕುತ್ತದೆ ಎಂಬ ದೂರುಗಳು ಬಂದವು. ಅಲ್ಲಿನವರು ಇದನ್ನು ‘ಫ್ಯಾಂಟಮ್ ಬ್ರೇಕಿಂಗ್’ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ದೆವ್ವ ಕಂಡ ಬ್ರೇಕು. 2022ರ ಫೆಬ್ರವರಿಯಲ್ಲಿ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ 354 ದೂರುಗಳ ಆಧಾರದ ಮೇಲೆ ಸುಮಾರು 4.16 ಲಕ್ಷ ಕಾರುಗಳ ಬಗ್ಗೆ ತನಿಖೆ ಶುರು ಮಾಡಿತು. ಅಗಲವಾದ, ಗೆರೆ ಎಳೆದ, ದನ ಕಾಣದ ರಸ್ತೆಗಳಲ್ಲೇ ಈ ಗತಿ.

ಈಗ ನಮ್ಮ ರಸ್ತೆಗೆ ಬನ್ನಿ.

ಸಂಜೆ ಬೆಂಗಳೂರಿನಿಂದ ಮೈಸೂರಿನ ಕಡೆ ಹೊರಟವನಿಗೆ ಮುಳುಗುವ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ನಾವು ಕೈ ಅಡ್ಡ ಹಿಡಿಯುತ್ತೇವೆ, ಕಣ್ಣು ಕಿರಿದು ಮಾಡುತ್ತೇವೆ. ಗಾಜಿಗೆ ಅಂಟಿಕೊಂಡ ಕ್ಯಾಮೆರಾ ಏನು ಮಾಡಬೇಕು? ‘ಕಾಣುತ್ತಿಲ್ಲ’ ಎಂದು ಕೈ ಎತ್ತಿಬಿಡುತ್ತದೆ. ಶಿರಾಡಿ ಘಾಟಿಯ ಮಳೆ, ಚಳಿಗಾಲದ ಬೆಳಗಿನ ಮಂಜು, ಕಚ್ಚಾ ರಸ್ತೆಯ ಕೆಂಪು ಧೂಳು, ಎಲ್ಲದಕ್ಕೂ ಇದೇ ಕಥೆ. ಕೆಲವು ಕಾರುಗಳಲ್ಲಂತೂ ಕ್ಯಾಮೆರಾ ಕುರುಡಾದರೆ ಹಳೆಯ ಸಾದಾ ಕ್ರೂಸ್ ಕಂಟ್ರೋಲೂ ಸಿಗುವುದಿಲ್ಲ. ಚಾಲಕನ ಕಣ್ಣಿಗೆ ಕಷ್ಟವಾದ ಹೊತ್ತಿನಲ್ಲೇ ಯಂತ್ರವೂ ಕೆಲಸ ಬಿಟ್ಟರೆ ಅದೆಂಥ ನೆರವು?

ಇನ್ನು ಅಂತರದ ಮಾತು. 80ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎರಡು ಸೆಕೆಂಡಿನ ಅಂತರ ಬಿಟ್ಟರೆ ಮುಂದೆ 44 ಮೀಟರ್ ಜಾಗ. ನಮ್ಮಲ್ಲಿ ಅಷ್ಟು ಜಾಗ ಖಾಲಿ ಉಳಿಯುವುದುಂಟೆ? ಬೈಕು ನುಗ್ಗುತ್ತದೆ, ಆಟೊ ನುಗ್ಗುತ್ತದೆ. ಪ್ರತಿ ಸಲವೂ ಕಾರು ಬ್ರೇಕ್ ಒತ್ತುತ್ತದೆ. ಒಳಗೆ ಕೂತವರಿಗೆ ತಲೆ ಮುಂದಕ್ಕೆ ಓಲಾಡುತ್ತದೆ ಅಷ್ಟೆ, ಬೆಲ್ಟು ಇದೆ, ಬಲೂನು ಇದೆ. ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿರುವವನಿಗೆ ಏನಿದೆ? ಕಾರಣವಿಲ್ಲದೆ ನಿಂತ ಕಾರಿಗೆ ಅವನು ಗುದ್ದಿದರೆ ‘ಹಿಂದಿನಿಂದ ಬಂದು ಗುದ್ದಿದ’ ಎಂದು ತಪ್ಪು ಅವನ ತಲೆಗೇ ಬರುತ್ತದೆ.

ಮಂಡ್ಯದ ಕಡೆ ಕಬ್ಬು ಹೊತ್ತ ಟ್ರ್ಯಾಕ್ಟರನ್ನು ರಾತ್ರಿ ನೋಡಿ. ಜಲ್ಲೆ ಟ್ರೈಲರಿನಿಂದ ಆಚೆ ಚಾಚಿರುತ್ತದೆ, ಹಿಂದಿನ ದೀಪ ಇದ್ದರೂ ಸೋಗೆಯೊಳಗೆ ಮುಚ್ಚಿಹೋಗಿರುತ್ತದೆ. ಅದು ಕ್ಯಾಮೆರಾಗೆ ವಾಹನವೋ, ಪೊದೆಯೋ? ಡಿಸೆಂಬರ್, ಜನವರಿಯಲ್ಲಿ ರಾಗಿ, ಹುರುಳಿ ಒಕ್ಕಣೆಗೆ ರಸ್ತೆಯ ಮೇಲೆ ಹರಡಿರುತ್ತಾರೆ, ಪಕ್ಕದಲ್ಲಿ ಕಂಬಳಿ ಹೊದ್ದ ಅಜ್ಜ ಕೂತಿರುತ್ತಾನೆ. ಮುಸ್ಸಂಜೆಯಲ್ಲಿ ಕಪ್ಪು ರಸ್ತೆಯ ಮೇಲೆ ಕಪ್ಪು ಎಮ್ಮೆ ನಿಂತಿರುತ್ತದೆ. ಒಂದು ಎಮ್ಮೆ ದಾಟಿದರೆ ಹಿಂದೆ ಇನ್ನೂ ನಾಲ್ಕಿವೆ ಎಂದು ನಮ್ಮೂರ ಮಗುವಿಗೂ ಗೊತ್ತು. ದಾರಿ ಖಾಲಿ ಕಂಡೊಡನೆ ವೇಗ ಏರಿಸುವ ಯಂತ್ರಕ್ಕೆ ಅದು ಗೊತ್ತೇ?

ಇದೆಲ್ಲ ಕಂಪನಿಗಳಿಗೆ ತಿಳಿಯದ್ದಲ್ಲ. ಕಾರಿನ ಜೊತೆ ಕೊಡುವ ದಪ್ಪ ಪುಸ್ತಕ ತೆರೆದರೆ ಎಚ್ಚರಿಕೆಗಳು ಸಾಲಾಗಿ ಸಿಗುತ್ತವೆ: ಮಳೆಯಲ್ಲಿ, ಮಂಜಿನಲ್ಲಿ, ತಿರುವಿನಲ್ಲಿ, ದಟ್ಟ ಸಂಚಾರದಲ್ಲಿ ಬಳಸಬೇಡಿ. ಪಾದಚಾರಿ, ಪ್ರಾಣಿ, ದ್ವಿಚಕ್ರ ವಾಹನ ಗುರುತು ಸಿಗದೆ ಹೋಗಬಹುದು. ಎಲ್ಲ ಹೊಣೆಯೂ ಚಾಲಕನದು. ಅಂದರೆ ಜಾಹೀರಾತಿನಲ್ಲಿ ‘ಕಾರೇ ನೋಡಿಕೊಳ್ಳುತ್ತದೆ’, ಪುಸ್ತಕದಲ್ಲಿ ‘ನೀನೇ ನೋಡಿಕೋ’. ಆ ಪುಸ್ತಕ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಬಾಡಿಗೆ ಕಾರು ಓಡಿಸುವ ಹುಡುಗನ ಕೈಗೆ ಅದು ಬರುವುದೂ ಇಲ್ಲ.

ಮನುಷ್ಯ ಚಾಲಕ ಇದಕ್ಕಿಂತ ಕೆಟ್ಟವನಲ್ಲವೇ, ನಿದ್ದೆ ಮಾಡುತ್ತಾನೆ, ಕುಡಿಯುತ್ತಾನೆ, ಫೋನು ನೋಡುತ್ತಾನೆ ಎಂದು ವಾದಿಸುವವರಿದ್ದಾರೆ. ಒಪ್ಪುತ್ತೇವೆ. ಇನ್ನೇನು ಗುದ್ದುತ್ತದೆ ಎನ್ನುವಾಗ ತಾನಾಗಿ ಬೀಳುವ ತುರ್ತು ಬ್ರೇಕನ್ನು ನಾವು ಬೇಡ ಎನ್ನುತ್ತಿಲ್ಲ, ಅದು ಜೀವ ಉಳಿಸುತ್ತದೆ. ಕ್ರೂಸ್ ಕಂಟ್ರೋಲಿನ ಕಥೆ ಬೇರೆ. ಅದು ಚಾಲಕನ ಕಾಲಿಗೆ ವಿಶ್ರಾಂತಿ ಕೊಡುವ ಸೌಕರ್ಯ. ಕಾಲಿಗೆ ವಿಶ್ರಾಂತಿ ಸಿಕ್ಕರೆ ಕಣ್ಣೂ ಅತ್ತಿತ್ತ ಹೋಗುತ್ತದೆ. ಒಬ್ಬರ ಸೌಕರ್ಯಕ್ಕೆ ಇನ್ನೊಬ್ಬರು ಅಪಾಯ ಹೊರುವುದಾದರೆ ಲೆಕ್ಕ ಕೇಳಲೇಬೇಕು.

ಲೆಕ್ಕ ಹೀಗಿದೆ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, 19ಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ಸಾಯುವವರಲ್ಲಿ ಹೆಚ್ಚಿನವರು ಕಾರಿನ ಹೊರಗಿದ್ದಾರೆ. ಆದರೆ 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ನಕ್ಷತ್ರಗಳು ಮುಖ್ಯವಾಗಿ ಹೇಳುವುದು, ಗುದ್ದಿದಾಗ ಒಳಗಿರುವ ದೊಡ್ಡವರು, ಮಕ್ಕಳು ಎಷ್ಟು ಸುರಕ್ಷಿತ ಎಂಬುದನ್ನು.

ಹಾಗಾಗಿ ನಮ್ಮ ಬೇಡಿಕೆ ನಾಲ್ಕು.

ಒಂದು, ಕ್ಯಾಮೆರಾ ಮಾತ್ರವೋ ರಡಾರೂ ಇದೆಯೋ ಎಂಬುದನ್ನು ಜಾಹೀರಾತಿನಲ್ಲೇ ಬರೆಯಲಿ. ಅದಕ್ಕೆ ಏನು ಕಾಣುವುದಿಲ್ಲ ಎಂಬ ಪಟ್ಟಿಯನ್ನು ಆಯಾ ರಾಜ್ಯದ ಭಾಷೆಯಲ್ಲಿ, ನಮ್ಮಲ್ಲಿ ಕನ್ನಡದಲ್ಲಿ, ಒಂದೇ ಪುಟದಲ್ಲಿ ಕೊಡಲಿ.

ಎರಡು, ಎಮ್ಮೆ, ದೀಪವಿಲ್ಲದ ಟ್ರೈಲರ್, ಹೊರೆ ಹೊತ್ತ ಮೊಪೆಡ್, ಮುಸ್ಸಂಜೆಯ ಪಾದಚಾರಿ ಇವರೆಲ್ಲರ ಎದುರು ಪರೀಕ್ಷೆ ಮಾಡಿ ಫಲಿತಾಂಶ ಪ್ರಕಟಿಸಲಿ.

ಮೂರು, ಸಾದಾ ಕ್ರೂಸ್ ಕಂಟ್ರೋಲಿಗೆ ಬೇರೆ ಗುಂಡಿ ಇರಲಿ. ಯಾವುದು ಬೇಕು ಎಂದು ಚಾಲಕ ತೀರ್ಮಾನಿಸಲಿ.

ನಾಲ್ಕು, ಅಪಘಾತದ ಮಹಜರಿನಲ್ಲಿ ಆಗ ಈ ಯಂತ್ರ ಚಾಲೂ ಇತ್ತೇ ಎಂಬುದು ದಾಖಲಾಗಲಿ. ಇಲ್ಲದಿದ್ದರೆ ದೆವ್ವ ಕಂಡ ಬ್ರೇಕಿಗೂ ಮೊಪೆಡ್ಡಿನವನೇ ಅಪರಾಧಿ.

ಇದಕ್ಕೆ ಕಾನೂನಿನ ದಾರಿ ಇಲ್ಲವೆಂದಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿದೆ. ದೋಷವಿರುವ ವಾಹನಗಳನ್ನು ವಾಪಸ್ ಕರೆಸುವಂತೆ ಕಂಪನಿಗೆ ಆದೇಶಿಸುವ ಅಧಿಕಾರ ಅದರಿಂದ ಕೇಂದ್ರ ಸರ್ಕಾರಕ್ಕಿದೆ. ಕಾರಿನೊಳಗಿನವರಿಗೆ ಮಾತ್ರವಲ್ಲ, ರಸ್ತೆ ಬಳಸುವ ಇತರರಿಗೆ ಆಗುವ ಹಾನಿಯನ್ನೂ ಆ ಕಲಂ ಹೇಳುತ್ತದೆ. ಆ ‘ಇತರರು’ ಎಂದರೆ ನಾವೇ. ಕಾರಿನ ಮಾಲೀಕರೇ, ಕಾರಣವಿಲ್ಲದೆ ಬ್ರೇಕ್ ಬಿದ್ದರೆ ಶೋರೂಮಿನಲ್ಲಿ ಗೊಣಗಿ ಸುಮ್ಮನಾಗಬೇಡಿ. ದಿನಾಂಕ, ಜಾಗ, ವೇಗ ಬರೆದಿಟ್ಟು ಲಿಖಿತ ದೂರು ಕೊಡಿ. ಅಮೆರಿಕದಲ್ಲಿ ತನಿಖೆ ಶುರುವಾಗಿದ್ದು 354 ದೂರುಗಳಿಂದ.

ಚಾಲಕ ತಮ್ಮಂದಿರಿಗೆ ಒಂದು ಮಾತು. ಗಾಜು ಒರೆಸಿಟ್ಟುಕೊಳ್ಳಿ. ಜಲ್ಲಿ ಸಿಡಿದು ಗಾಜು ಬದಲಾಯಿಸಿದರೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಕೂರಿಸಿದ್ದಾರೆಯೇ ಎಂದು ಕೇಳಿ. ಊರೊಳಗೆ, ಮಳೆಯಲ್ಲಿ, ಮುಸ್ಸಂಜೆಯಲ್ಲಿ ಆ ಗುಂಡಿ ಒತ್ತಬೇಡಿ. ಟ್ರ್ಯಾಕ್ಟರ್ ಇರುವವರು ಟ್ರೈಲರಿನ ಹಿಂದೆ, ಹೊರೆಯ ಆಚೆಗೂ ಕಾಣುವಂತೆ, ಹೊಳೆಯುವ ಪಟ್ಟಿ ಅಂಟಿಸಿ. ಅದು ಕ್ಯಾಮೆರಾಗೂ ಸಹಾಯ, ಮನುಷ್ಯರಿಗೂ ಸಹಾಯ.

ನಾವು ಇಷ್ಟು ಮಾಡಬಲ್ಲೆವು. ಉಳಿದದ್ದು ಕಾರು ಮಾರಿ ಹಣ ಎಣಿಸುವವರ ಮತ್ತು ಅವರಿಗೆ ಪರವಾನಗಿ ಕೊಡುವವರ ಕೆಲಸ. ರಸ್ತೆಯಲ್ಲಿ ನಾವೂ ಇದ್ದೇವೆ ಎಂಬುದನ್ನು ಕಾರಿನ ಕ್ಯಾಮೆರಾಗಿಂತ ಮೊದಲು ಅವರು ನೋಡಲಿ.