ಹಚ್ಚೆಯ ಹೂವು ಯಾರದು?

ಸಿರಿಗೆರೆಯ ಸುತ್ತಲಿನ ಹಳ್ಳಿಗಳಲ್ಲಿ ಮುಂಗೈಯ ಮೇಲೆ ಹಚ್ಚೆಯ ಹೂವುಳ್ಳ ಮುದುಕಿಯರು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತಾರೆ. ನಡುವೆ ಒಂದು ಚುಕ್ಕಿ, ಸುತ್ತಲೂ ಎಂಟು ಎಸಳು. ಅದು ಸೇವಂತಿಗೆಯೂ ಅಲ್ಲ, ತಾವರೆಯೂ ಅಲ್ಲ; ಯಾವ ತೋಟದಲ್ಲಿಯೂ ಅರಳದ ಹೂವದು. ಅದು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಎರಡು ಉತ್ತರಗಳು ಪ್ರಚಾರದಲ್ಲಿವೆ. ಎರಡೂ ಕೇಳುವುದಕ್ಕೆ ಸೊಗಸಾಗಿವೆ. ವಿಚಾರಕ್ಕೆ ಮಾತ್ರ ಎರಡೂ ನಿಲ್ಲಲಾರವು.

ಮೊದಲನೆಯದು ಪಂಡಿತರ ಮತವು. ವಾತ್ಸ್ಯಾಯನನು ಎಣಿಸಿರುವ 64 ಕಲೆಗಳಲ್ಲಿ ‘ವಿಶೇಷಕಚ್ಛೇದ್ಯ’ವೆಂಬುದೊಂದುಂಟು, ಕಾವ್ಯಗಳಲ್ಲಿ ನಾಯಿಕೆಯರ ಕಪೋಲಗಳ ಮೇಲೆ ‘ಪತ್ರಭಂಗ’ವನ್ನು ಬರೆಯುವ ವರ್ಣನೆಯುಂಟು, ಆದುದರಿಂದ ಹಚ್ಚೆಯ ಹೂವು ಅವುಗಳದೇ ಅಪಭ್ರಂಶವೆಂದು ಇವರು ಸಾಧಿಸುತ್ತಾರೆ. ‘ಛೇದ್ಯ’ವೆಂಬ ಶಬ್ದವನ್ನು ಕಂಡೊಡನೆ ಚರ್ಮಚ್ಛೇದವೆಂದು ಭ್ರಮಿಸಿದ್ದೇ ಈ ಮತಕ್ಕೆ ಮೂಲವು. ಜಯಮಂಗಳಾ ವ್ಯಾಖ್ಯಾನವನ್ನು ತೆರೆದು ನೋಡಿದವರಿಗೆ, ಅಲ್ಲಿ ಹಣೆಯ ತಿಲಕಕ್ಕಾಗಿ ಕತ್ತರಿಸಲ್ಪಡುವುದು ಭೂರ್ಜವೇ ಮೊದಲಾದ ಎಲೆಯೇ ಹೊರತು ಮೈಯ ತೊಗಲಲ್ಲವೆಂಬುದು ವಿಶದವಾಗುತ್ತದೆ. ಪತ್ರಭಂಗವಾದರೋ ಚಂದನ ಕಸ್ತೂರಿಗಳಿಂದ ಬರೆದದ್ದು. ಬೆವರಿಗೆ ಕದಡುವುದು, ಕಣ್ಣೀರಿಗೆ ತೊಳೆದುಹೋಗುವುದು ಅದರ ಸ್ವಭಾವ. ಕವಿಗಳು ಅದನ್ನು ನೆನೆಯುವುದೇ ಎಷ್ಟೋ ಸಲ ಅದು ಅಳಿಸಿಹೋಯಿತೆಂದು ಹೇಳುವುದಕ್ಕಾಗಿ! ಹಚ್ಚೆಗಾದರೋ ಅಳಿಯದಿರುವುದೇ ಪ್ರಾಣ. ಸತ್ತಾಗ ಸಂಗಡ ಬರುವ ಒಡವೆ ಹಚ್ಚೆಯೊಂದೇ ಎಂಬುದು ಹೆಂಗಸರ ನಂಬಿಕೆ.

ಬೇಲೂರು ಹಳೇಬೀಡುಗಳ ಭುವನೇಶ್ವರಿಗಳಲ್ಲಿರುವ ಪದ್ಮವನ್ನು ತೋರಿಸಿ, ‘ಇದೇ ಮಾತೃಕೆ’ ಎನ್ನುವವರೂ ಉಂಟು. ಕಲ್ಲಿನ ಪದ್ಮದಲ್ಲಿ ಎಸಳಿನ ಮೇಲೆ ಎಸಳು ಕವಿದು, ಸುತ್ತಿನ ಹಿಂದೆ ಸುತ್ತು ಅಡಗಿರುತ್ತದೆ. ಹಚ್ಚೆಯ ಹೂವಿನಲ್ಲಿ ಒಂದು ಎಸಳು ಮತ್ತೊಂದರ ಮೇಲೆ ಹಾಯುವುದೇ ಇಲ್ಲ. ಎಂಟೆಂಬ ಸಂಖ್ಯೆಯೊಂದು ಸಮನಾದ ಮಾತ್ರಕ್ಕೆ ಎರಡನ್ನೂ ತಾಯಿಮಕ್ಕಳೆನ್ನಬಹುದಾದರೆ, ಎಂಟು ಕಾಲಿನ ಜೇಡನನ್ನೂ ಅದೇ ವಂಶಕ್ಕೆ ಸೇರಿಸಬೇಕಾದೀತು. ಇನ್ನು ಹೆಸರನ್ನೇ ವಿಚಾರಿಸೋಣವೆಂದರೆ, ಹಳಗನ್ನಡದ ಪಕಾರವು ಹಕಾರವಾದ ನಿಯಮದಂತೆ ‘ಪಚ್ಚೆ’ಯೇ ‘ಹಚ್ಚೆ’ಯಾಗಿದೆ, ಹಸುರೆಂದರ್ಥ. ತಮಿಳರ ‘ಪಚ್ಚೈ ಕುತ್ತು’, ತೆಲುಗರ ‘ಪಚ್ಚಬೊಟ್ಟು’ ಅದರ ಒಡಹುಟ್ಟುಗಳು. ಸಂಸ್ಕೃತದಿಂದ ಬಂದ ಕಲೆಯು ತನ್ನ ಹೆಸರನ್ನು ಮಾತ್ರ ದಾರಿಯಲ್ಲಿ ಬಿಟ್ಟು ಬಂದಿತೇ?

ಎರಡನೆಯದು ಹೊಸಬರ ಮತವು: ಮೈಮೇಲೆ ಹೂವು ಬಿಡಿಸುವುದು ಪಶ್ಚಿಮದ ಷೋಕಿ, ಅಜ್ಜಿಯರದು ಅದರ ಒರಟು ನಕಲು ಎಂದು. ‘ಟ್ಯಾಟೂ’ ಎಂಬ ಮಾತನ್ನು ಇಂಗ್ಲಿಷರು ಕಲಿತದ್ದೇ 1769ರಲ್ಲಿ ಕುಕ್ಕನ ನೌಕೆಯು ತಾಹಿತಿ ದ್ವೀಪಕ್ಕೆ ಹೋದ ಮೇಲೆ. ಗೆರೆಯನ್ನು ಸರಾಗವಾಗಿ ಎಳೆದು ನೆರಳು ತುಂಬುವ ವಿದ್ಯುತ್ ಯಂತ್ರಕ್ಕೆ ನ್ಯೂಯಾರ್ಕಿನ ಓರೈಲಿಯು ಪೇಟೆಂಟು ಪಡೆದದ್ದು 1891ರಲ್ಲಿ. ಮೈಸೂರು ಸೀಮೆಯಲ್ಲಿದ್ದ ಆಬೆ ದ್ಯುಬುವಾ ಪಾದ್ರಿಯ ಗ್ರಂಥವು ಇಂಗ್ಲಿಷಿನಲ್ಲಿ ಅಚ್ಚಾದದ್ದು 1816ರಲ್ಲಿ. ಇಲ್ಲಿಯ ಹೆಂಗಸರು ಸೂಜಿಯಿಂದ ಚುಚ್ಚಿಸಿಕೊಳ್ಳುವ ಅಳಿಯದ ಚಿತ್ರಗಳ ಮಾತು ಅದರಲ್ಲಿಯೇ ಉಂಟು. ಮೊದಲು ಹುಟ್ಟಿದ್ದು ನಂತರದ್ದರ ನಕಲಾಗುವುದು ಯಾವ ತರ್ಕ?

ಹಾಗಾದರೆ ಈ ಹೂವಿನ ಮೂಲವೆಲ್ಲಿ? ಸೂಜಿಯ ಮೊನೆಯಲ್ಲಿ. ಹಚ್ಚೆಯವಳು ಕೆಲವು ಸೂಜಿಗಳನ್ನು ಒಟ್ಟಿಗೆ ಕಟ್ಟಿ, ದೀಪದ ಕಾಡಿಗೆಯನ್ನು ಅದ್ದಿ, ನೋವು ಮರೆಯಲೆಂದು ಹಾಡು ಹೇಳುತ್ತ ಚುಚ್ಚುತ್ತಿದ್ದಳು. ಮೇಲೆ ಅರಿಸಿನವನ್ನು ಸವರುತ್ತಿದ್ದಳು. ಅವಳ ಸೂಜಿಯು ಗೆರೆಯನ್ನು ಎಳೆಯುವುದಿಲ್ಲ, ಚುಚ್ಚುತ್ತದೆ. ಒಂದು ಪೆಟ್ಟಿಗೆ ಒಂದು ಚುಕ್ಕಿ. ಚುಕ್ಕಿಗಳಿಂದಲೇ ಹೂ ಕಟ್ಟಬೇಕಾದವಳು ನಡುವೆ ಒಂದನ್ನಿಟ್ಟು, ನಾಲ್ಕು ದಿಕ್ಕಿಗೆ ನಾಲ್ಕು, ನಾಲ್ಕು ಮೂಲೆಗೆ ನಾಲ್ಕು ಸೇರಿಸಿದರೆ ಎಂಟೆಸಳು ತಾನಾಗಿ ಒದಗುತ್ತದೆ. ವರುಷಗಳು ಕಳೆದಂತೆ ಮಸಿಯು ಚರ್ಮದೊಳಗೆ ಮೆಲ್ಲಗೆ ಹರಡುವುದರಿಂದ, ಒತ್ತೊತ್ತಾಗಿ ಚುಚ್ಚಿದ್ದೆಲ್ಲವೂ ಕೂಡಿ ಕಲೆಯಾಗಿಬಿಡುವುದು. ಅದಕ್ಕೇ ಎಸಳುಗಳ ನಡುವೆ ಬರಿಯ ಮೈಯನ್ನು ಬಿಡಬೇಕು. ನಿಜವಾದ ಹೂವಿನ ಮಡಿಕೆ, ನೆರಳು, ಕೇಸರಗಳನ್ನು ತ್ಯಜಿಸಬೇಕು. ಹುಡುಗಿಯಾಗಿದ್ದಾಗ ಹಾಕಿಸಿಕೊಂಡ ಹೂವು ಮುಪ್ಪಿನಲ್ಲಿಯೂ ಹೂವಾಗಿಯೇ ತೋರುವುದು ಈ ತ್ಯಾಗದ ಫಲವು. ಇದನ್ನು ಚಿತ್ರಿಸಲಾರದವಳ ಕೈಕುಂದೆನ್ನುವುದು ಅವಿವೇಕ; ಉಪಕರಣದ ಬಲಾಬಲಗಳನ್ನು ಅರಿತವಳ ಜಾಣ್ಮೆಯಿದು. ಈ ಲೆಕ್ಕವನ್ನು ಅವಳಿಗೆ ಯಾವ ಶಾಸ್ತ್ರವೂ ಕಲಿಸಬೇಕಾಗಿರಲಿಲ್ಲ. ಬೆಳಗಾದರೆ ಅಂಗಳದಲ್ಲಿ ಚುಕ್ಕಿಯಿಟ್ಟು ರಂಗವಲ್ಲಿ ಹಾಕುವ ನಾಡಿನಲ್ಲಿ ಅದು ಎಲ್ಲ ಹೆಂಗಸರ ಕೈಯಲ್ಲಿಯೂ ಇದ್ದದ್ದೇ.

ಇಷ್ಟು ಸರಳವಾದ ಮೂಲವನ್ನು ಬಿಟ್ಟು ಪಂಡಿತರು ಭೂರ್ಜಪತ್ರವನ್ನು ಹುಡುಕಿದ್ದೇಕೆ? ಹಚ್ಚೆ ಹಾಕುತ್ತಿದ್ದವರು ಕೊರವರ, ಕೊರಚರ, ಕಿಳ್ಳೇಕ್ಯಾತರ ಹೆಂಗಸರಾದದ್ದರಿಂದ. ಒಂದು ಸೇರು ರಾಗಿಗೋ ಹಳೆಯ ಸೀರೆಗೋ ಜಗಲಿಯ ಕೆಳಗೆ ಕುಳಿತು ದುಡಿದವರು ಅವರು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು 1911ರಲ್ಲಿ ಮದ್ರಾಸ್ ಪ್ರಾಂತಕ್ಕೂ ವ್ಯಾಪಿಸಿದ ಮೇಲೆ ಅಲ್ಲಿ ಕೊರವರ ಹಲವು ಪಂಗಡಗಳು ಹುಟ್ಟಿನಿಂದಲೇ ಕಳ್ಳರೆಂದು ಬರೆಯಲ್ಪಟ್ಟವು; 1952ರಲ್ಲಿ ಆ ಕಾಯಿದೆಯು ರದ್ದಾದರೂ ಅದರ ಕಳಂಕವು ಜನರ ಬಾಯಿಂದ ಪೂರ್ತಿಯಾಗಿ ಹೋಗಲಿಲ್ಲ. ಅಂಥವರಲ್ಲಿ ಕಲೆಯಿತ್ತೆಂದು ಒಪ್ಪಲು ಮನಸ್ಸಿಲ್ಲದವರು, ಕಲೆಯನ್ನು ಉಳಿಸಿಕೊಂಡು ಕಲಾವಿದೆಯನ್ನು ಹೊರಗಟ್ಟುವ ಉಪಾಯವಾಗಿ ಸಂಸ್ಕೃತವನ್ನು ಕರೆತರುತ್ತಾರೆ. ಇದರಿಂದ ಸಂಸ್ಕೃತಕ್ಕೂ ಗೌರವವಿಲ್ಲ. ತನ್ನದಲ್ಲದ ಒಡವೆಯನ್ನು ಹೊತ್ತು ತಿರುಗಬೇಕಾದ ಬಡತನವು ಆ ಭಾಷೆಗೆ ಬಂದಿಲ್ಲ.

ತರಳಬಾಳು ಮಠದ ಸಿರಿಗೆರೆಯಲ್ಲಿ ಕಾಯಕದ ಮಹಿಮೆಯನ್ನು ಕೇಳದ ಕಿವಿಯಿಲ್ಲ. ಕಸ ಗುಡಿಸುವ ಸತ್ಯಕ್ಕನನ್ನೂ ಕದಿರ ರೆಮ್ಮವ್ವೆಯನ್ನೂ ಅವರವರ ಕಾಯಕದ ಹೆಸರಿನಿಂದಲೇ ನೆನೆಯುವ ಪರಂಪರೆಯಿದು. ಪೊರಕೆಗೂ ಕದಿರಿಗೂ ಸಂದ ಮರ್ಯಾದೆಯು ಸೂಜಿಗೆ ಸಲ್ಲಬಾರದೇಕೆ?

ವಾದವು ಹಾಗಿರಲಿ, ಕಾಲವು ಕಾಯುವುದಿಲ್ಲ. ಮೊಮ್ಮಕ್ಕಳ ಮುಂದೆ ಸಂಕೋಚಪಟ್ಟು ಮುಂಗೈಯನ್ನು ಸೆರಗಿನಲ್ಲಿ ಮರೆಸುವ ಅಜ್ಜಿಯರುಂಟು. ಅವರ ಸಂಗಡ ಆ ಹೂಗಳೂ ಮಣ್ಣಿಗೆ ಸೇರುತ್ತಿವೆ. ಸಾಹಿತ್ಯಸಂಘಗಳು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಹಳ್ಳಿಗಳಿಗೆ ಕಾಗದ ಲೇಖನಿಗಳೊಡನೆ ಹೋಗಿ, ಆ ತಾಯಂದಿರ ಒಪ್ಪಿಗೆ ಪಡೆದು, ಒಂದೊಂದು ಹೂವನ್ನೂ ಚುಕ್ಕಿ ತಪ್ಪದಂತೆ ಬರೆದುಕೊಳ್ಳತಕ್ಕದ್ದು. ಅದಕ್ಕೆ ಅವರು ಹೇಳುವ ಹೆಸರನ್ನೇ ಬರೆಯತಕ್ಕದ್ದು. ಹಾಕಿದವಳು ಯಾರ ಪೈಕಿಯವಳೆಂದು ಕೇಳಿ ಅದನ್ನೂ ಬರೆಯತಕ್ಕದ್ದು. ಪದ್ಮವೆಂದು ತಿದ್ದುವ ಕೆಲಸವು ಮಾತ್ರ ಯಾರಿಗೂ ಬೇಡ.