ಬರೆಯುವವನೊಬ್ಬ, ಓದುವವನು ಇನ್ನೊಬ್ಬ

ಮಗನೋ ಮಗಳೋ ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಾರೆಂದು ಹೇಳುವಾಗ ತಂದೆತಾಯಿಗಳ ಮುಖ ಅರಳುತ್ತದೆ. ಆ ಬರಹವನ್ನು ಓದುವವರು ಯಾರೆಂದು ಮಾತ್ರ ಯಾರೂ ಕೇಳುವುದಿಲ್ಲ. ಗಣಕಯಂತ್ರಕ್ಕೇನು, ಅದು ಎಂಥ ವಕ್ರ ಬರಹವನ್ನಾದರೂ ತುಟಿಪಿಟಕ್ಕೆನ್ನದೆ ನುಂಗೀತು. ಕಷ್ಟವೆಲ್ಲ, ಬರೆದವನು ಬೇರೆ ಕಂಪನಿಗೆ ಹೋದ ಮೇಲೆ ಆ ಕುರ್ಚಿಯಲ್ಲಿ ಬಂದು ಕೂಡುವವನಿಗೆ.

ಹಿಂದೆ ಅಮೆರಿಕದವರು ಜಾಗ ಉಳಿಸಲು ವರ್ಷವನ್ನು ಎರಡೇ ಅಂಕೆಗಳಲ್ಲಿ ಬರೆದಿಟ್ಟರು. ೨೦೦೦ನೆಯ ಇಸವಿ ಹತ್ತಿರವಾದಾಗ ಆ ಹಳೆಯ ಕೋಬಾಲ್ ಬರಹವನ್ನು ಸಾಲುಸಾಲಾಗಿ ಓದಿ ತಿದ್ದಿದವರಲ್ಲಿ ನಮ್ಮ ಬೆಂಗಳೂರಿನ ತರುಣರೂ ಇದ್ದರು. ಪರರ ಒಗಟು ಬಿಡಿಸಿ ಹೆಸರು ಗಳಿಸಿದ ಊರಿನಲ್ಲಿಯೇ ಹೊಸ ಒಗಟುಗಳು ಹುಟ್ಟುತ್ತಿರುವುದು ವಿಚಿತ್ರ!

ಒಗಟಿನ ಬೆಲೆ ಎಲ್ಲೆಡೆಯೂ ಬರಿಯ ಹಣವಲ್ಲ. ಸಕಲೇಶಪುರ, ಆಲೂರು ಸೀಮೆಯನ್ನೇ ನೋಡಿ. ಅಲ್ಲಿಯ ಕಾಫಿತೋಟಗಳಲ್ಲಿ ಕಾಡಾನೆಗಳು ನೆಲಸಿವೆ. ೨೦೧೪-೧೫ರಲ್ಲಿ ೨೨ ಆನೆಗಳನ್ನು ಹಿಡಿದು ಸಾಗಿಸಿದ್ದಾಯಿತು. ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದುವು. ಮುಂಜಾನೆಯ ಮಂಜಿನಲ್ಲಿ ಕೆಲಸಕ್ಕೆ ಹೊರಟ ಆಳುಗಳಿಗೆ ಹತ್ತು ಮಾರು ಮುಂದಿರುವುದು ಬಂಡೆಯೋ ಆನೆಯೋ ತಿಳಿಯದು. ಆದಕಾರಣ ಆನೆಯ ಇರವನ್ನು ಸುತ್ತಲಿನವರ ಮೊಬೈಲಿಗೆ ಮುಟ್ಟಿಸುವ ಏರ್ಪಾಡು ಅಲ್ಲಿ ಬಂದಿದೆ.

ಅಂಥ ಕೆಲಸಕ್ಕೆಂದು ಬರೆದ ಪ್ರೋಗ್ರಾಮೊಂದನ್ನು ಊಹಿಸಿಕೊಳ್ಳಿ. ‘ದೂ ೩ಕ್ಕಿಂತ ಕಡಿಮೆಯಾದರೆ ಕಳುಹಿಸು’ ಎಂದು ಅದರಲ್ಲೊಂದು ಸಾಲು. ‘ದೂ’ ಎಂದರೆ ಆನೆಗೂ ಊರಿಗೂ ನಡುವಿನ ದೂರ. ೩ ಎಂದರೆ ಕಿಲೋಮೀಟರು. ಬರೆದವನಿಗೆ ಇದೆಲ್ಲ ಗೊತ್ತು. ಬೇರೊಂದು ಸಾಲಿನಲ್ಲಿ ಅದೇ ೩ ಗಂಟೆಯ ಲೆಕ್ಕ; ಅದಕ್ಕಿಂತ ಹಳೆಯ ಸುದ್ದಿಯನ್ನು ಕೈಬಿಡಬೇಕು. ಎರಡು ವರ್ಷದ ಬಳಿಕ, ದೂರವನ್ನು ೫ಕ್ಕೆ ಏರಿಸಬೇಕೆಂದು ಅಪ್ಪಣೆಯಾಗುತ್ತದೆ. ಹೊಸಬನು ಕಂಡ ಕಂಡ ೩ನ್ನೆಲ್ಲ ೫ ಮಾಡುತ್ತಾನೆ. ಗಂಟೆಯ ಲೆಕ್ಕವೂ ಕೆಡುತ್ತದೆ. ಆನೆ ಎಂದೋ ದಾಟಿಹೋದ ಊರಿಗೆ ಹಳಸಲು ಸುದ್ದಿ ಬಂದು ಜನ ನಂಬಿಕೆ ಕಳೆದುಕೊಳ್ಳುತ್ತಾರೆ. ಇತ್ತ ಹೋಬಳಿಯೊಂದಕ್ಕೆಂದು ಬೇರೆ ಕಡತದಲ್ಲಿ ಬರೆದ ೩ ಅವನ ಕಣ್ಣಿಗೇ ಬೀಳುವುದಿಲ್ಲ. ನಾಲ್ಕು ಕಿಲೋಮೀಟರಿನಲ್ಲಿ ಆನೆಯಿದ್ದರೂ ಆ ಹೋಬಳಿಯ ಫೋನುಗಳು ಮೌನ. ಯಂತ್ರ ಚಕಾರವೆತ್ತುವುದಿಲ್ಲ, ಅದರ ಪಾಲಿಗೆ ಎಲ್ಲವೂ ಸರಿಯಾಗಿದೆ.

‘ಎಚ್ಚರಿಕೆಯ ದೂರ, ಕಿ.ಮೀ.ಗಳಲ್ಲಿ’ ಎಂದು ಪೂರ್ತಿ ಹೆಸರಿಟ್ಟು, ಅಂಕೆಯನ್ನು ಒಂದೇ ಕಡೆ ಬರೆದು, ಉಳಿದೆಡೆ ಆ ಹೆಸರನ್ನೇ ಬಳಸಿದ್ದರೆ ತಿದ್ದುಪಡಿ ನಿಮಿಷದ ಕೆಲಸ. ಪಕ್ಕದಲ್ಲಿ ಟಿಪ್ಪಣಿಯೂ ಬೇಕು. ‘ಇಲ್ಲಿ ದೂರವನ್ನು ಹೋಲಿಸಿದೆ’ ಎಂದು ಬರೆಯುವ ಪುಣ್ಯಾತ್ಮರಿದ್ದಾರೆ. ಅದನ್ನು ಸಾಲೇ ಹೇಳುತ್ತದಲ್ಲ! ೨ ಸಾಲದೆ ೩ ಏಕೆ ಬೇಕಾಯಿತು, ಯಾರನ್ನು ಕೇಳಿ ನಿಶ್ಚಯಿಸಿದರು ಎಂಬುದನ್ನು ಯಾವ ಸಾಲೂ ಹೇಳಲಾರದು. ಟಿಪ್ಪಣಿ ಇರುವುದು ಅದಕ್ಕೆ.

ಬರೆದದ್ದನ್ನು ಬಳಕೆಗೆ ಬಿಡುವ ಮುನ್ನ ಪಕ್ಕದ ಮೇಜಿನವರಿಗೆ ಓದಲು ಕೊಡುವ ಪದ್ಧತಿ ಅನೇಕ ಕಂಪನಿಗಳಲ್ಲಿ ಉಂಟು. ಅವರು ‘ಈ ೩ ಏನು?’ ಎಂದು ಕೇಳಿದಾಗ ನಮ್ಮ ಹುಡುಗರು ಬಾಯಲ್ಲಿ ವಿವರಿಸಿ ಮುಗಿಸಿಬಿಡುತ್ತಾರೆ. ಆ ಉತ್ತರವನ್ನು ಅಲ್ಲಿಯೇ, ಕೋಡಿನೊಳಗೇ ಬರೆದುಬಿಡಲಿ. ಎರಡು ವರ್ಷದ ಮೇಲೆ ಬರುವವನಿಗೆ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.