ಭುಜ ನೋವಿಗೆ ಮೊದಲು ಡಾಕ್ಟರ ಕೈ, ಆಮೇಲೆ ಎಂ.ಆರ್.ಐ.

ಮಂಜೇಶ್ವರ, ಉಪ್ಪಳ ಕಡೆಯ ನಮ್ಮ ಮನೆಗಳಲ್ಲಿ ಭುಜ ನೋವಿಗೆ ಎರಡೇ ದಾರಿ. ಒಂದೋ ಎಣ್ಣೆ ಹಾಕಿ ಉಜ್ಜಿಸುವುದು, ಇಲ್ಲವೇ ತಲಪಾಡಿ ದಾಟಿ ಮಂಗಳೂರಿನಲ್ಲಿ ಸೀದಾ ಎಂ.ಆರ್.ಐ. ಡಾಕ್ಟರು ಸ್ಕ್ಯಾನ್ ಬರೆಯದಿದ್ದರೆ "ಅವರಿಗೇನೂ ಗೊತ್ತಿಲ್ಲ" ಎನ್ನುವವರೂ ಇದ್ದಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ.

ನಾನು ವೈದ್ಯನಲ್ಲ, ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಆದರೆ ಬೇರಿಂಗ್ ಸದ್ದು ಮಾಡಿದರೆ ಫಿಟ್ಟರ್ ಮೊದಲು ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾನೆ, ಆಮೇಲೆ ಬಿಚ್ಚುತ್ತಾನೆ. ಭುಜಕ್ಕೂ ಅದೇ ಕ್ರಮ. ಸಕ್ಕರೆ ಕಾಯಿಲೆಯ ಉಮ್ಮಂದಿರಿಗೆ ಹೆಚ್ಚಾಗಿ ಬರುವ ಫ್ರೋಜನ್ ಶೋಲ್ಡರ್ ನೋಡಿ. ತಲೆವಸ್ತ್ರಕ್ಕೆ ಹಿಂದೆ ಪಿನ್ ಹಾಕಲಾಗುವುದಿಲ್ಲ. ಡಾಕ್ಟರು ತಾವೇ ಹಿಡಿದು ತಿರುಗಿಸಿದರೂ ಕೈ ಹೊರಗೆ ತಿರುಗುವುದಿಲ್ಲ. ಹೆಚ್ಚಿನವರಿಗೆ ಅಷ್ಟರಲ್ಲೇ ಕಾಯಿಲೆ ಗೊತ್ತಾಗುತ್ತದೆ, ಜೊತೆಗೊಂದು ಎಕ್ಸ್‌ರೇ ಸಾಕು. ಅದಕ್ಕೆ ಸಾವಿರಗಟ್ಟಲೆ ರೂಪಾಯಿಯ ಸ್ಕ್ಯಾನ್ ಯಾಕೆ?

ಹೋಗುವುದು ಹಣ ಮಾತ್ರ ಅಲ್ಲ. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಭುಜ ನೋವೇ ಇಲ್ಲದ 96 ಮಂದಿಯ ಎಂ.ಆರ್.ಐ. ತೆಗೆದು ನೋಡಿದ್ದರು. ಅವರಲ್ಲಿ ಶೇ. 34 ಮಂದಿಗೆ ರೊಟೇಟರ್ ಕಫ್, ಅಂದರೆ ಭುಜದ ಗುಂಡನ್ನು ಹಿಡಿದಿಡುವ ಸ್ನಾಯುರಜ್ಜು ಹರಿದಿತ್ತು. 60 ದಾಟಿದವರಲ್ಲಿ ಶೇ. 54! ನಮ್ಮಲ್ಲಿ ರಿಪೋರ್ಟಿನಲ್ಲಿ ‘ಟಿಯರ್’ ಎಂದು ಕಂಡ ಕೂಡಲೇ ಆಪರೇಶನ್ನಿನ ಮಾತು ಶುರು. ಹರಿದದ್ದು ನಿಜವೇ ಇರಬಹುದು, ನೋವು ಅದರಿಂದಲೇ ಬಂತೆಂದು ಹೇಳಲಾಗದು.

ಎಣ್ಣೆ ಪಕ್ಷದವರಿಗೂ ಒಂದು ಮಾತಿದೆ. ಬೈಕಿನಿಂದ ಬಿದ್ದೋ, ಅಂಗಡಿಗೆ 50 ಕಿಲೋ ಅಕ್ಕಿಮೂಟೆ ಇಳಿಸುವಾಗಲೋ ಒಮ್ಮೆಲೇ ಕೈ ಎತ್ತಲಾಗದೆ ಹೋದರೆ ಅದು ಉಜ್ಜುವ ನೋವಲ್ಲ. ಎಕ್ಸ್‌ರೇಯಲ್ಲಿ ಎಲುಬು ಸರಿಯಿದೆ ಎಂದು ಸುಮ್ಮನಾಗುವ ಹಾಗೂ ಇಲ್ಲ, ರಜ್ಜು ಅದರಲ್ಲಿ ಕಾಣುವುದೇ ಇಲ್ಲ. ಪೂರ್ತಿ ಕಿತ್ತ ರಜ್ಜನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಮಾಂಸಖಂಡ ಸೊರಗಿ ಅಲ್ಲಿ ಕೊಬ್ಬು ತುಂಬುತ್ತದೆ. ಆಮೇಲೆ ಹೊಲಿಯುವುದು ಕಷ್ಟ. ಮೂಟೆ ಹೊತ್ತೇ ಮನೆ ನಡೆಸುವವನಿಗೆ ಇದು ಅನ್ನದ ಪ್ರಶ್ನೆ. ಎಂ.ಆರ್.ಐ. ನಿಜವಾಗಿ ಬೇಕಾಗುವುದು ಇಲ್ಲಿ. ಎಷ್ಟು ಹರಿದಿದೆ, ಎಷ್ಟು ಹಿಂದೆ ಸರಿದಿದೆ, ಮಾಂಸ ಎಷ್ಟು ಉಳಿದಿದೆ ಎಲ್ಲ ಕಾಣುತ್ತದೆ. ಪೂರ್ತಿ ಹರಿದದ್ದನ್ನು ನುರಿತವರ ಕೈಯಲ್ಲಿ ಅಲ್ಟ್ರಾಸೌಂಡೂ ತೋರಿಸುತ್ತದೆ, ಖರ್ಚೂ ಕಮ್ಮಿ.

ಹಾಗಾಗಿ ಡಾಕ್ಟರು ಸ್ಕ್ಯಾನ್ ಬರೆದಾಗಲೂ, ಬರೆಯದಿದ್ದಾಗಲೂ ಇಷ್ಟು ಕೇಳಿ: "ರಿಪೋರ್ಟ್ ನೋಡಿ ಮದ್ದು ಏನಾದರೂ ಬದಲಾಗುತ್ತದಾ ಡಾಕ್ಟ್ರೇ?" ಬದಲಾಗುತ್ತದೆ ಎಂದರೆ ತಡ ಮಾಡಬೇಡಿ. ಪೇಸ್‌ಮೇಕರ್ ಇದ್ದರೆ ಬುಕ್ ಮಾಡುವಾಗಲೇ ಹೇಳಿ, ತಲೆವಸ್ತ್ರದ ಪಿನ್ನುಗಳನ್ನೂ ಹೊರಗೇ ತೆಗೆದಿಡಿ. ಸ್ಕ್ಯಾನ್ ನಡೆಯದಿದ್ದಾಗಲೂ ಆ ಮ್ಯಾಗ್ನೆಟ್ ಆಫ್ ಆಗಿರುವುದಿಲ್ಲ.